ಕಲ್ಲಿನ ಅಂಗೈ

ನಮ್ಮ ಅತ್ತೆ ನನ್ನ ಕೈಯ ನೀರು ಕುಡಿಯುತ್ತಿರಲಿಲ್ಲ. ಮದುವೆಯಾಗಿ ಬೈಲಹೊಂಗಲದಿಂದ ರಾಮದುರ್ಗಕ್ಕೆ ಬಂದ ಮೊದಲ ವಾರದಲ್ಲೇ ಈ ಕಾಯ್ದೆ ಜಾರಿಯಾಗಿತ್ತು. ಕಾರಣ ಒಂದೇ, ನನ್ನ ಕೊರಳಲ್ಲಿ ಲಿಂಗವಿರಲಿಲ್ಲ. ಹುಟ್ಟಿದಾಗ ಕಟ್ಟಿದ್ದರು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಶಿವದಾರ ಹರಿದು, ಲಿಂಗ ತವರುಮನೆಯ ದೇವರ ಜಗಲಿ ಸೇರಿತು. ಮತ್ತೆ ಯಾರೂ ಕಟ್ಟಲಿಲ್ಲ, ನಾನೂ ಕೇಳಲಿಲ್ಲ. ಅತ್ತೆಯ ತವರು ಮುರಗೋಡ. ಅವರ ಮನೆತನದಲ್ಲಿ ಕೂಸಿಗೆ ಹೆಸರಿಡುವ ಮೊದಲು ಲಿಂಗ ಕಟ್ಟುತ್ತಾರೆ, ಮಣ್ಣಿಗೆ ಇಳಿಸುವಾಗಲೂ ಅದನ್ನು ಬಿಚ್ಚುವುದಿಲ್ಲ. ಅಂಥವರಿಗೆ ಸೊಸೆಯಾಗಿ ನಾನು ಸಿಕ್ಕೆ.

ಅವರು ಬೈಯುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಉರಿಯುತ್ತಿತ್ತು. ತಮ್ಮ ರೊಟ್ಟಿ ತಾವೇ ಬಡಿದುಕೊಳ್ಳುತ್ತಿದ್ದರು, ತಮ್ಮ ತಂಬಿಗೆ ತಾವೇ ತುಂಬಿಕೊಳ್ಳುತ್ತಿದ್ದರು. ಬಾಟಲಿ ನೀರು ಬಂದ ಮೇಲೆ ಕಾಯ್ದೆಗೆ ಒಂದು ತಿದ್ದುಪಡಿಯೂ ಆಯಿತು. ಸೀಲು ಒಡೆಯದ ಬಾಟಲಿಯನ್ನು ನಾನು ಕೊಡಬಹುದು, ಅವರೇ ಒಡೆದು ಕುಡಿಯುತ್ತಾರೆ. ಮುಚ್ಚಳ ನಾನು ತಿರುಗಿಸಿದೆನೋ, ಆ ಬಾಟಲಿ ಅವರ ಲೆಕ್ಕಕ್ಕಿಲ್ಲ. ಹಲ್ಲು ಕಚ್ಚಿಕೊಂಡು ಸುಮ್ಮನಿರುವುದನ್ನು ನಾನೂ ಕಲಿತೆ.

ಪೇಟೆಯಲ್ಲಿ ನಮ್ಮದು ಬೀಜ ಗೊಬ್ಬರದ ಅಂಗಡಿ. ನನ್ನ ಗಂಡ ಸರ್ಕಾರಿ ಶಾಲೆಯ ಮಾಸ್ತರರಾದ್ದರಿಂದ ಮಾವ ತೀರಿದ ಮೇಲೆ ಲೈಸೆನ್ಸು ಅತ್ತೆಯ ಹೆಸರಿಗಾಯಿತು. ಅಂಗಡಿ ನಡೆಸುವವರು ನಾವಿಬ್ಬರು ಹೆಂಗಸರು. ಯೂರಿಯಾ ಬಂತೇ, ಸೂರ್ಯಕಾಂತಿಯ ಬೀಜ ಮುಗಿಯಿತೇ, ಇಷ್ಟು ಮಾತಿನಲ್ಲಿ ನಮ್ಮ ದಿನ ಕಳೆಯುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ಗೊಬ್ಬರದ ಕಂಪನಿಗಳಿಗೆ ಒಂದು ಚಟ ಹತ್ತಿತ್ತು. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಥಾಯ್ಲೆಂಡಿಗೆ ಕರೆದೊಯ್ಯುವುದು. ಒಂದು ವರ್ಷ ಅತ್ತೆಯ ಹೆಸರಿಗೇ ಎರಡು ಟಿಕೆಟು ಬಂದವು. ನನ್ನ ಗಂಡನಿಗೆ ಪರೀಕ್ಷೆಯ ಕೆಲಸವಿತ್ತು. ಯಾರೂ ಹೋಗುವುದಿಲ್ಲ ಬಿಡು ಎಂದುಕೊಂಡಿದ್ದೆ.

"ಹೆಸರ ನಂದೈತಿ, ನಾನ ಹೋಗಾಕಿ" ಅಂದರು ಅತ್ತೆ. "ಜೋಡಿಗೆ ಇಕೀ ಬರ್ಲಿ. ಅಲ್ಲಿ ಇಂಗ್ಲೀಷ ಮಾತಾಡಾಕ ಯಾರರ ಬೇಕಲ್ಲ."

ಹಾಗೆ ಹೊರಟೆವು. ಬೈಲಹೊಂಗಲ, ಕಿತ್ತೂರು, ಸವದತ್ತಿಯ ಅಂಗಡಿಯವರೆಲ್ಲ ಗಂಡಸರು. ಹಣೆ ತುಂಬ ವಿಭೂತಿ ಹಚ್ಚಿದ ಮುದುಕಿಯೊಬ್ಬರು ಬಸ್ಸಿನ ಮೊದಲ ಸೀಟಿನಲ್ಲಿ ಕೂತದ್ದನ್ನು ಕಂಡು ಅವರ ಅರ್ಧ ಉತ್ಸಾಹ ಅಲ್ಲೇ ಇಳಿಯಿತು. ಎಲ್ಲರನ್ನೂ ಹದ್ದುಬಸ್ತಿನಲ್ಲಿಡಲು ಹುಬ್ಬಳ್ಳಿಯ ಕಂಪನಿ ಸಾಹೇಬರೊಬ್ಬರು ಜೊತೆಗಿದ್ದರು. ಗಡಿಯಾರ ನೋಡುವುದೇ ಅವರ ಕೆಲಸ.

ಅತ್ತೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು, ಊಟಕ್ಕೆ ತೊಂದರೆಯಿರಲಿಲ್ಲ. ತೊಂದರೆ ಪೂಜೆಯದು. ಬೆಳಿಗ್ಗೆ ಲಿಂಗಪೂಜೆ ಆಗದೆ ಅವರು ಹನಿ ನೀರೂ ಮುಟ್ಟುವವರಲ್ಲ. ಹೋಟೆಲಿನ ಕೋಣೆಗೆ ಸಂಡಾಸು ಅಂಟಿಕೊಂಡಿದೆ, ಅಂಥಲ್ಲಿ ಲಿಂಗ ತೆಗೆಯುವುದಿಲ್ಲ ಎಂದು ದಿನಾ ಬಾಲ್ಕನಿಯಲ್ಲಿ ಕೂರುತ್ತಿದ್ದರು. ಕೊನೆಯ ದಿನ ಅದಕ್ಕೂ ಆಸ್ಪದವಿರಲಿಲ್ಲ. ನಸುಕಿನಲ್ಲೇ ಎಬ್ಬಿಸಿ ಬೋಟು ಹತ್ತಿಸಿದರು. ಸಮುದ್ರ ದಾಟಿ ಒಂದು ದ್ವೀಪ ನೋಡುವುದು, ಸಂಜೆಯ ಬೋಟಿಗೆ ಮರಳುವುದು, ಅಲ್ಲಿಂದ ನೇರ ವಿಮಾನಕ್ಕೆ. ಅಲುಗಾಡುವ ಬೋಟಿನಲ್ಲಿ ಪೂಜೆ ಹೇಗೆ ಮಾಡುವುದು? ಅತ್ತೆ ಬಾಯಿ ಒಣಗಿಸಿಕೊಂಡು ಕೂತರು. ಅವರಿಗೆ ಸಕ್ಕರೆ ಕಾಯಿಲೆ. ಹೊಟ್ಟೆ ಖಾಲಿಯಿದ್ದರೆ ಬೆವರುತ್ತಾರೆ, ಕೈ ನಡುಗುತ್ತದೆ. ನನ್ನ ಚೀಲದಲ್ಲಿ ಯಾವಾಗಲೂ ಅವರಿಗೆಂದು ಬೆಲ್ಲದ ಚೂರುಗಳಿರುತ್ತಿದ್ದವು, ಕಿರಾಣಿ ಅಂಗಡಿಯವನ ಕಾಗದದಲ್ಲೇ ಸುತ್ತಿದವು, ನನ್ನ ಕೈ ತಾಗದ ಹಾಗೆ.

ದ್ವೀಪದ ನಟ್ಟನಡುವೆ ಗುಡ್ಡ. ತೆರೆದ ಜೀಪುಗಳು ಎದ್ದು ನಿಂತಂಥ ರಸ್ತೆಯಲ್ಲಿ ನಮ್ಮನ್ನು ಮೇಲಕ್ಕೆ ಒಯ್ದವು. ನಮ್ಮೂರ ಹತ್ತಿರದ ತೊರಗಲ್ಲಿನ ಕೋಟೆ ಹತ್ತುವಾಗ ಸುತ್ತ ಬಯಲು ಕಾಣುತ್ತದೆ, ಎಲ್ಲಿದ್ದೇವೆ ಎಂಬುದು ತಿಳಿಯುತ್ತದೆ. ಇಲ್ಲಿ ಮರಗಳ ಒತ್ತಿನಲ್ಲಿ ಆಕಾಶವೇ ಇಲ್ಲ. ಜೀಪು ನಿಂತಲ್ಲಿ ನಾವು ನೋಡಲು ಬಂದ ವಿಗ್ರಹಗಳ ತೋಟವೂ ಕಾಣಲಿಲ್ಲ. ಗೈಡು ಪೊದೆಗಳ ನಡುವಿನ ಮೆಟ್ಟಿಲು ತೋರಿಸಿದ. ಸ್ವಲ್ಪ ಹತ್ತಿ ತಿರುಗಿದರೆ ಎರಡು ಬಂಡೆಗಳ ಸಂದಿಯಲ್ಲಿ ಹಳ್ಳ, ಹಳ್ಳದ ಎರಡೂ ದಡದಲ್ಲಿ ವಿಗ್ರಹಗಳು. ವಾದ್ಯ ನುಡಿಸುವವರು, ಕುಣಿಯುವವರು, ಪ್ರಾಣಿಗಳು, ಬಂಡೆಗೊಬ್ಬರಂತೆ ಕಣ್ಣು ಮುಚ್ಚಿ ಕೂತ ಬುದ್ಧರು. ಎಲ್ಲರ ಮೈಮೇಲೂ ಹಾವಸೆ. ಯಾರು ಮಾಡಿಸಿದರು, ಯಾಕೆ ಮಾಡಿಸಿದರು ಎಂದು ಗೈಡು ಹೇಳುತ್ತಿದ್ದ. ಕೇಳುವ ತಾಳ್ಮೆ ನನಗಿರಲಿಲ್ಲ, ನನ್ನ ಕಣ್ಣು ಅತ್ತೆಯ ಬೆವರಿನ ಮೇಲಿತ್ತು.

ಅತ್ತೆ ಮಾತ್ರ ಕೂತ ಬುದ್ಧನೊಬ್ಬನ ಮುಂದೆ ನಿಂತುಬಿಟ್ಟರು. ಪದ್ಮಾಸನ, ಮಡಿಲಲ್ಲಿ ಒಂದರ ಮೇಲೊಂದು ಇಟ್ಟ, ಮೇಲ್ಮುಖವಾದ ಅಂಗೈಗಳು.

"ಪೂಜಿಗೆ ಕುಂತಾನ ನೋಡ. ಅಂಗೈ ಹಿಡದಾನ, ಲಿಂಗನ ಇಲ್ಲಲ್ಲ" ಅಂದರು.

"ಅಂವ ಬುದ್ಧರಿ. ಅವರಿಗೆ ಲಿಂಗ ಇರೂದಿಲ್ಲ."

"ಯಾರರ ಇರ್ಲಿ. ಕೈ ಖಾಲಿ ಐತಿ, ನೋಡಾಕ ಆಗವಲ್ದು."

ನನಗೆ ಅದು ನನಗೇ ಹೇಳಿದ ಮಾತಿನಂತೆ ಕೇಳಿಸಿತು. ಅವರು ಏನು ಅಂದರೂ ಆಗ ನನಗೆ ಹಾಗೇ ಕೇಳಿಸುತ್ತಿತ್ತು. ಇಲ್ಲೇ ಪೂಜೆ ಮಾಡಿಕೊಳ್ಳುತ್ತೇನೆ, ನೀರೂ ಇದೆ, ಸಂಡಾಸೂ ಇಲ್ಲ ಎಂದು ಅವರು ಹಳ್ಳದಲ್ಲಿ ಕೈಕಾಲು ಮುಖ ತೊಳೆದು ದಡದ ಬಂಡೆಯೊಂದರ ಮೇಲೆ ಕೂತರು. ಕೊರಳಿನ ಬೆಳ್ಳಿಯ ಗುಂಡಗಡಗಿಯ ಮುಚ್ಚಳ ತೆಗೆದು, ಒಳಗಿನ ಬಟ್ಟೆ ಬಿಡಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರು. ಅಡಕೆಗಿಂತ ತುಸು ದೊಡ್ಡದು, ಕಪ್ಪಗೆ, ಅರವತ್ತು ವರ್ಷ ಕೈಯಾಡಿ ನುಣ್ಣಗಾದದ್ದು. ನಾನು ಅಲ್ಲಿ ನಿಲ್ಲಲಿಲ್ಲ. ಪೂಜೆಯ ಹೊತ್ತಿಗೆ ನನ್ನ ನೆರಳೂ ಬೇಡವಲ್ಲ ಎಂದು ಬಿರಬಿರನೆ ಮೇಲಿನ ಮೆಟ್ಟಿಲು ಹತ್ತಿದೆ. ಅಲ್ಲಿ ತಲೆಗೆ ಓಲೆಯ ಟೊಪ್ಪಿಗೆ ಹಾಕಿದ ಹೆಂಗಸೊಬ್ಬಳು ಎಲೆ ಗುಡಿಸುತ್ತಿದ್ದಳು. ನನ್ನನ್ನು ನೋಡಿ ನಕ್ಕಳು, ನಾನು ನಗಲಿಲ್ಲ.

ಇಳಿಯುವಾಗ ಹಾವಸೆಯ ಮೆಟ್ಟಿಲ ಮೇಲೆ ಚಪ್ಪಲಿ ಜಾರಿತು. ಹಿಡಿಯಲು ಏನೂ ಸಿಗಲಿಲ್ಲ. ಹಳ್ಳಕ್ಕೆ ಬಿದ್ದೆ. ಬಲಗಾಲು ಎರಡು ಕಲ್ಲಿನ ನಡುವೆ ಸಿಕ್ಕಿತು, ಮೈ ಕೆಳಗೆ ಎಳೆಯುವ ನೀರಿನಲ್ಲಿತ್ತು. ಆಳವೇನಿಲ್ಲ, ಆದರೆ ತಲೆ ಕೆಳಗಾಗಿ ಮೂಗಿಗೆ ನೀರು ನುಗ್ಗಿದಾಗ ಆಳದ ಮಾತು ಯಾರಿಗೆ ಬೇಕು. ಜೀವ ಬಾಯಿಗೆ ಬಂತು. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಅಷ್ಟರಲ್ಲಿ ಎರಡು ಕೈಗಳು ನನ್ನ ಕಂಕುಳಿಗೆ ಬಿದ್ದು ದನ ಎಳೆದಂತೆ ದಡಕ್ಕೆ ಎಳೆದವು. ಕೆಮ್ಮಿ ಕಣ್ಣು ಬಿಟ್ಟರೆ ಅತ್ತೆ. ಸೀರೆ ಮೊಳಕಾಲತನಕ ಒದ್ದೆ.

ಆಮೇಲೆ ಗಡಿಬಿಡಿಯೋ ಗಡಿಬಿಡಿ. ನಮ್ಮ ತವರೂರು ಬೈಲಹೊಂಗಲದ ಅಂಗಡಿಯವರೊಬ್ಬರು, ನನ್ನನ್ನು ತಂಗಿ ಎಂದೇ ಕರೆಯುವವರು, ಉಳುಕಿದ ನನ್ನ ಕಣಕಾಲನ್ನು ತಮ್ಮ ಟವೆಲ್ಲಿನಿಂದ ಬಿಗಿದರು. ಅವರೂ ಗೈಡೂ ಹೆಗಲು ಕೊಟ್ಟು ಕೆಳಗೆ ಇಳಿಸಿದರು. ಅತ್ತೆ ಹಿಂದೆಯೇ ಬಂದರು. ನನ್ನ ಚಪ್ಪಲಿಗಳು ಅವರ ಕೈಯಲ್ಲಿದ್ದವು. ನನಗೆ ಅದನ್ನು ನೋಡಿ ಬೆರಗಾಗುವಷ್ಟು ವ್ಯವಧಾನವಿರಲಿಲ್ಲ.

ಜೀಪಿನಲ್ಲಿ ಕೂರಿಸಿದ ಮೇಲೆ ನಾನೇ ಹೇಳಿದೆ, "ಇನ್ನರ ರೊಟ್ಟಿ ತಿನ್ರಿ ಅತ್ತಿ. ಬೆವರಾಕ ಹತ್ತೀರಿ."

ತಿನ್ನುವ ಮೊದಲು ಗುಂಡಗಡಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವರ ರೂಢಿ. ಕೈ ಎದೆಗೆ ಹೋಯಿತು, ಅಲ್ಲೇ ನಿಂತಿತು. ಮುಚ್ಚಳ ತೆರೆದೇ ಇತ್ತು. ಒಳಗೆ ಬಟ್ಟೆಯ ತುಂಡು ಮಾತ್ರ.

ಪೂಜೆ ಮಾಡದವಳಾದರೂ ನಾನು ಆ ಮಂದಿಯ ಮಗಳೇ. ಲಿಂಗ ಕಳೆದುಕೊಂಡವರು ಅದು ಸಿಗುವತನಕ ಅನ್ನ ನೀರು ಬಿಟ್ಟು ಕೂರಬೇಕು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಹೊಸದು ಬೇಕೆಂದರೆ ಗುರುವಿನ ಕೈಯಿಂದಲೇ ಆಗಬೇಕು, ಗುರು ಇರುವುದು ಮುರಗೋಡದ ಕಡೆ, ಸಮುದ್ರದ ಆಚೆ. ಬೆಳಗಿನಿಂದ ಏನೂ ಮುಟ್ಟದ ಸಕ್ಕರೆ ಕಾಯಿಲೆಯ ಹೆಂಗಸು ಅಲ್ಲಿಯತನಕ ಹೇಗೆ ಉಳಿಯುತ್ತಾರೆ?

"ಎಲ್ಲಿಟ್ಟಿರಿ?"

"ಕಲ್ಲಿನಾಂವನ ಕೈಯಾಗ ಇಟ್ಟೆ" ಅಂದರು. ದನಿ ಅವರದಲ್ಲದಂತಿತ್ತು. "ಯಾಂವನೋ, ನೆನಪ ಆಗವಲ್ದು."

ಸಾಹೇಬರು ಗಡಿಯಾರ ನೋಡಿದರು. "ಅಮ್ಮಾರ, ಬೋಟ್ ತಪ್ಪಿದ್ರ ಇಮಾನ ತಪ್ಪತೈತ್ರಿ. ಊರಾಗ ಬ್ಯಾರೆ ಕಟ್ಟಿಸ್ಕೊಂಡ್ರ ಆತ್ರಿ."

"ನೀವು ಹೋಗ್ರೀಪಾ" ಅಂದರು ಅತ್ತೆ, ಜೀಪಿನಿಂದ ಇಳಿಯುತ್ತ. "ನಾ ಇಲ್ಲೇ ಇರತೇನಿ. ಸಿಗೂಮಟಾ ನಾ ನೀರ ಮುಟ್ಟಾಂಗಿಲ್ಲ."

ಅವರು ಬೆದರಿಕೆ ಹಾಕುವವರಲ್ಲ, ಹೇಳಿದ್ದನ್ನು ಮಾಡುವವರು. ಸಾಹೇಬರಿಗೂ ಅದು ಅರ್ಥವಾಯಿತು. ಬೇಗ ಬನ್ನಿ, ಹಾರ್ನ್ ಹೊಡೆಸಿದರೆ ಇಳಿದುಬಿಡಿ ಎಂದರು. ಬೈಲಹೊಂಗಲದವರು ಒಂದು ಕೋಲು ಮುರಿದು ನನ್ನ ಕೈಗೆ ಕೊಟ್ಟರು, ಗೈಡೂ ಬಂದ. ಅವನಿಗೆ ನನ್ನ ಹರಕು ಇಂಗ್ಲಿಷಿನಲ್ಲಿ, ಬೆರಳು ಮಡಚಿ ತೋರಿಸಿ, ಸಣ್ಣದು, ಗುಂಡಗೆ, ಕಪ್ಪು ಕಲ್ಲು ಎಂದು ಹೇಳಿದೆ. ಅವನು ಸುತ್ತಲ ಗುಡ್ಡವನ್ನು ನೋಡಿ ನನ್ನ ಮುಖ ನೋಡಿದ. ಅವನ ತಪ್ಪೇನೂ ಇಲ್ಲ.

ಮೇಲೆ ಹತ್ತುವಷ್ಟರಲ್ಲಿ ಮಳೆ ಹಿಡಿಯಿತು. ಅಲ್ಲಿನ ಮಳೆ ನಮ್ಮ ಕಡೆಯ ಹಾಗೆ ಮೋಡ ತೋರಿಸಿ, ಗಾಳಿ ಕಳಿಸಿ ಬರುವುದಲ್ಲ. ಒಮ್ಮೆಲೇ ಸುರಿಯಿತು. ಮರದ ಕೆಳಗೆ ಕತ್ತಲಾಯಿತು, ಹಳ್ಳದ ನೀರು ಕೆಂಪಾಗಿ ಏರತೊಡಗಿತು. ಅಂಗೈಯಲ್ಲಿಟ್ಟ ನುಣ್ಣನೆಯ ಕಲ್ಲು ಈ ನೀರಿಗೆ ಜಾರಿ ಹಳ್ಳಕ್ಕೆ ಬಿದ್ದಿದ್ದರೆ ಮುಗಿಯಿತು. ನಾನು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಅತ್ತೆಯೂ ನೀರನ್ನೇ ನೋಡುತ್ತಿದ್ದರು.

ಒಬ್ಬೊಬ್ಬರ ಮಡಿಲಲ್ಲೂ ಕೈ ಆಡಿಸಿದೆವು. ಒಂದು ಅಂಗೈಯಲ್ಲಿ ಕೊಳೆತ ಎಲೆ, ಇನ್ನೊಂದರಲ್ಲಿ ಮಳೆನೀರು, ಮತ್ತೊಂದರಲ್ಲಿ ಬಸವನಹುಳ. ಹಳ್ಳದ ಕೆಳಗಿನ ತಿರುವಿನಲ್ಲಿ ಒಬ್ಬನ ಮಡಿಲಲ್ಲಿ ಆ ಗುಡಿಸುವವಳ ಓಲೆಯ ಟೊಪ್ಪಿಗೆ ಬಿದ್ದಿತ್ತು, ಮಳೆಗೆ ಬಿಟ್ಟು ಓಡಿದಳೇನೋ ಎಂದು ದಾಟಿ ಹೋದೆವು. ಎಲ್ಲ ಮುಖವೂ ಒಂದೇ ಥರ, ಎಲ್ಲ ಕಣ್ಣೂ ಮುಚ್ಚಿದ್ದು. ಅತ್ತೆ ಒಬ್ಬನ ಮುಂದೆ ನಿಂತು "ಇಂವನ" ಎನ್ನುವರು, ಇನ್ನೊಬ್ಬನ ಮುಂದೆ ನಿಂತು "ಅಲ್ಲ, ಇಂವ" ಎನ್ನುವರು. ಕೊನೆಗೆ ಬಂಡೆಗೆ ಆತು ಕೂತರು. ಕೈ ನಡುಗುತ್ತಿದ್ದದ್ದು ನಾನು ನಿಂತಲ್ಲಿಗೇ ಕಾಣುತ್ತಿತ್ತು.

ಬೆಲ್ಲದ ಪೊಟ್ಟಣ ಮುಂದೆ ಇಟ್ಟೆ. ಬೇಡವೆಂದು ತಲೆಯಾಡಿಸಿದರು.

ನನಗೆ ಹೆದರಿಕೆಯಾಗಿತ್ತು. ನನಗೆ ಹೆದರಿಕೆಯಾದರೆ ಸಿಟ್ಟು ಬರುತ್ತದೆ. "ಏನ ಅಂತ ಇಟ್ಟಿರಿ ಹೇಳ್ರಿ!" ಎಂದು ಚೀರಿದೆ. "ಜೀವಕ್ಕಿಂತ ಹೆಚ್ಚಂತ ನೀವ ಅಂತೀರಿ. ಕಲ್ಲಿನ ಗೊಂಬಿ ಕೈಯಾಗ ಯಾರರ ಲಿಂಗ ಇಡತಾರೇನ್ರಿ? ಖಾಲಿ ಕೈ ನೋಡಾಕ ಆಗ್ಲಿಲ್ಲಂತ ಇಟ್ಟಿರೇನು? ಲಿಂಗ ಇಲ್ಲದಾಕಿ ಅಂತ ನನ್ನ ಹೊರಗಿಟ್ಟಿರಲ್ಲ, ಈಗ ನಿಮ್ಮ ಲಿಂಗ ಎಲ್ಲೈತಿ?"

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಬೈಲಹೊಂಗಲದವರು ಮುಖ ತಿರುಗಿಸಿದರು. ಅತ್ತೆ ಮುಖದ ಮೇಲಿನ ಮಳೆಯನ್ನೂ ಒರೆಸಿಕೊಳ್ಳಲಿಲ್ಲ.

ಕೆಳಗೆ ಹಾರ್ನ್ ಆಯಿತು. ಮತ್ತೆ ಆಯಿತು. ಬೈಲಹೊಂಗಲದವರು ಸಾಹೇಬರನ್ನು ಸಮಾಧಾನ ಮಾಡಿ ಬರುತ್ತೇನೆಂದು ಇಳಿದು ಹೋದರು, ಗೈಡು ಹಳ್ಳಕ್ಕೇ ಇಳಿದು ನೀರಿನಲ್ಲಿ ಕೈಯಾಡಿಸುತ್ತಿದ್ದ. ನನ್ನ ಕಾಲು ಇನ್ನು ತಡೆಯಲಿಲ್ಲ. ಕೋಲೂರಿ ಕೆಳಗಿನ ತಿರುವಿಗೆ ಬಂದು ಸಿಕ್ಕ ಮೆಟ್ಟಿಲ ಮೇಲೆ ಕುಸಿದೆ. ಎದುರಿಗೆ ನೀರಿನಲ್ಲಿ ಎರಡು ಕಲ್ಲು, ನಡುವೆ ಕಾಲು ಹಿಡಿಯುವಷ್ಟು ಸಂದಿ. ನೋಡಿದ ಕೂಡಲೇ ಕಣಕಾಲು ಮತ್ತೊಮ್ಮೆ ಮಿಡಿಯಿತು. ನಾನು ಬಿದ್ದದ್ದು ಅಲ್ಲೇ.

ಹಾಗಾದರೆ ಅತ್ತೆ ನಿಂತು ನನ್ನನ್ನು ಎಳೆದದ್ದು ಇಲ್ಲಿ, ಈ ಮೆಟ್ಟಿಲ ಪಕ್ಕ, ಅದೂ ಎರಡೂ ಕೈಯಿಂದ. ಪಕ್ಕಕ್ಕೆ ತಿರುಗಿದೆ. ಕೈ ಚಾಚಿದರೆ ಸಿಗುವಷ್ಟರಲ್ಲಿ ಒಬ್ಬ ಕೂತಿದ್ದ, ಮಡಿಲಲ್ಲಿ ಓಲೆಯ ಟೊಪ್ಪಿಗೆ. ಬಿಟ್ಟು ಓಡಿದ ಟೊಪ್ಪಿಗೆ ಹೇಗೆಂದರೆ ಹಾಗೆ ಬಿದ್ದಿರುತ್ತದೆ. ಇದನ್ನು ಎರಡೂ ಅಂಗೈ ಮುಚ್ಚುವ ಹಾಗೆ ಬೋರಲು ಹಾಕಿ, ಗಾಳಿಗೆ ಹಾರದಂತೆ ಅಂಚಿನ ಮೇಲೆ ಕಲ್ಲು ಹೇರಿದ್ದರು.

ನನ್ನ ಕೈ ಮುಂದೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಇನ್ನೊಬ್ಬರ ಲಿಂಗ ಮುಟ್ಟಬಾರದು, ಅಷ್ಟನ್ನು ನಾನು ಮರೆತಿರಲಿಲ್ಲ.

"ಅತ್ತೀ! ಇಲ್ಲಿ ಬರ್ರಿ! ಲಗೂನ ಬರ್ರಿ!"

ಅವರು ಬಂಡೆ ಹಿಡಿದು, ಮರ ಹಿಡಿದು ಬಂದರು. ಟೊಪ್ಪಿಗೆ ಎತ್ತಿದರು. ಕಲ್ಲಿನ ಅಂಗೈಯಲ್ಲಿ ಲಿಂಗ ಕೂತಿತ್ತು. ಅವರು ಹಚ್ಚಿದ್ದ ವಿಭೂತಿ ಒಣಗಿದ್ದು ಒಣಗಿದ ಹಾಗೇ ಇತ್ತು. ಪಕ್ಕದಲ್ಲಿ ಯಾರೋ ಒಂದು ಕೆಂಪು ಹೂವನ್ನೂ ಇಟ್ಟಿದ್ದರು. ಅತ್ತೆಯ ಗಂಟಲಿನಿಂದ ಬಂದ ಸದ್ದನ್ನು ನಾನು ಮಾವ ಹೋದ ದಿನವೂ ಕೇಳಿರಲಿಲ್ಲ. ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಒತ್ತಿಕೊಂಡು ನಿಂತರು.

ಅರ್ಧಕ್ಕೆ ನಿಂತ ಪೂಜೆ ಮುಗಿಯಬೇಕಿತ್ತು. ಕೂರಲು ಒಣ ಜಾಗವಿಲ್ಲ. ಅವರು ನಿಂತೇ ಎಡ ಅಂಗೈ ಎದೆಮಟ್ಟಕ್ಕೆ ಹಿಡಿದರು. ನಾನು ಟೊಪ್ಪಿಗೆಯನ್ನು ಅವರ ಕೈಮೇಲೆ ಮಳೆಗೆ ಅಡ್ಡ ಹಿಡಿದೆ. ಅವರು ಹೋಗು ಎನ್ನಲಿಲ್ಲ. ಕೆಳಗೆ ಹಾರ್ನ್ ಬಡಿದುಕೊಳ್ಳುತ್ತಲೇ ಇತ್ತು. ಆಚೆ ದಡದಲ್ಲಿ ಗುಡಿಸುವ ಹೆಂಗಸು ತಲೆ ಮೇಲೆ ಗೋಣಿಚೀಲ ಹೊದ್ದು ನಿಂತಿದ್ದಳು. ಪೂಜೆ ಮುಗಿದ ಮೇಲೆ ಬಂದು, ನನ್ನ ಕೈಯಿಂದ ಟೊಪ್ಪಿಗೆ ತೆಗೆದುಕೊಂಡು ಹಾಕಿಕೊಂಡಳು. ಅತ್ತೆ ಅವಳಿಗೆ ಕೈ ಮುಗಿದರು, ಅವಳೂ ಮುಗಿದಳು. ಈ ಸಲ ನಾನೂ ನಕ್ಕೆ.

ಲಿಂಗ ಗುಂಡಗಡಗಿ ಸೇರಿತು, ಮುಚ್ಚಳ ಬಿಗಿಯಾಯಿತು. ನಾನು ಕೇಳಿದೆ. ಉತ್ತರ ಆಗಲೇ ಗೊತ್ತಾಗಿತ್ತು, ಆದರೂ ಅವರ ಬಾಯಿಂದ ಕೇಳಬೇಕಿತ್ತು.

"ನನ್ನ ಎಳ್ಯಾಕಂತ ಇಟ್ಟಿರೇನ್ರಿ?"

"ಮತ್ತೇನ? ಲಿಂಗ ನೆಲಕ್ಕ ಇಡಾಕ ಬರತೈತೇನು? ಅಂವನ ಕೈ ಖಾಲಿ ಇತ್ತು, ಹಿಡಕೋ ಅಂತ ಕೊಟ್ಟೆ. ಒಂದ ಕೈಲೆ ನಿನ್ನ ಎತ್ತೂದ ಆಗತಿತ್ತೇನು, ಎಮ್ಮಿಯಂಗ ಆಗೀದಿ" ಅಂದರು.

"ಅಷ್ಟ ಬೈದ್ನಲ್ಲ, ಆಗ ಯಾಕ ಹೇಳ್ಲಿಲ್ಲ?"

"ನಿನ್ನ ಸಲುವಾಗಿ ಹೋತು ಅಂದ್ರ ನೀ ಜಲ್ಮಾನಗಟ್ಲೆ ಹೊತ್ತಕೊಂಡ ತಿರಗತಿದ್ದಿ. ನಾ ಹೋದ ಮ್ಯಾಲೂ."

ನನಗೆ ಅಳು ಬಂತು. ಮಳೆಯಿತ್ತು, ಮುಚ್ಚಿಕೊಳ್ಳುವ ಶ್ರಮ ಬೀಳಲಿಲ್ಲ. ಅವರು ತೂರಾಡಿದ್ದನ್ನು ಕಂಡು ಚೀಲದಿಂದ ನೀರಿನ ಬಾಟಲಿ ತೆಗೆದೆ, ಅವಸರದಲ್ಲಿ ಸೀಲು ಕಟ್ ಎಂದು ಒಡೆದುಬಿಟ್ಟೆ. ಆಮೇಲೆ ನೆನಪಾಯಿತು. ಚೀಲದಲ್ಲಿ ಬೇರೆ ಬಾಟಲಿ ಇರಲಿಲ್ಲ. ಮುಚ್ಚಳ ಬೆರಳಲ್ಲಿ ಹಿಡಿದು ಹಾಗೇ ನಿಂತೆ.

ಅತ್ತೆ ಬಾಟಲಿ ನೋಡಿದರು, ನನ್ನನ್ನು ನೋಡಿದರು. ಎರಡೂ ಅಂಗೈ ಜೋಡಿಸಿ ಬೊಗಸೆ ಮಾಡಿ ಮುಂದೆ ಚಾಚಿದರು.

"ಹಾಕ. ಬಾಯಿ ಒಣಗಿ ಸಾಯಾಕ ಹತ್ತೇನಿ" ಅಂದರು.

ಹಾಕಿದೆ. ಅರ್ಧ ನೀರು ಅವರ ಸೀರೆಯ ಮೇಲೆ ಚೆಲ್ಲಿತು. ಅವರು ಕುಡಿದು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ಮತ್ತೆ ಬೊಗಸೆ ಒಡ್ಡಿದರು.

ಬೋಟು ಸಿಕ್ಕಿತು. ರಾಮದುರ್ಗಕ್ಕೆ ಬಂದ ಮೇಲೂ ನಾನು ಲಿಂಗ ಕಟ್ಟಿಕೊಳ್ಳಲಿಲ್ಲ, ಅವರೂ ಕಟ್ಟಿಕೋ ಎನ್ನಲಿಲ್ಲ. ರೊಟ್ಟಿ ತಾವೇ ಬಡಿದುಕೊಳ್ಳುವುದನ್ನು ಬಿಡಲಿಲ್ಲ, ನಿನ್ನ ರೊಟ್ಟಿ ದಪ್ಪ ಆಗತಾವು ಎಂದು ಹೊಸ ಕಾರಣ ಕೊಟ್ಟರು. ಆದರೆ ಅಂಗಡಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ತಂಬಿಗೆ ಬರಿದಾದರೆ ತಾವು ಏಳುತ್ತಿರಲಿಲ್ಲ. ಗಿರಾಕಿಯ ಜೊತೆ ಮಾತಾಡುತ್ತಲೇ ಅದನ್ನು ನನ್ನ ಕಡೆ ಸರಿಸುತ್ತಿದ್ದರು, ನಾನು ತುಂಬಿಕೊಂಡು ಬರುತ್ತಿದ್ದೆ.